ಹೆಸರು ಕೂಗದ ಕೈಗಳು

2022ರ ನವೆಂಬರ್ 2ರ ರಾತ್ರಿ ಅಡಿಲೇಡ್ ಮೈದಾನದಲ್ಲಿ ಭಾರತಕ್ಕೆ ಸೋಲು ಹತ್ತಿರದಲ್ಲೇ ಕಾಣುತ್ತಿತ್ತು. ಟಿ20 ವಿಶ್ವಕಪ್ ಪಂದ್ಯ, ಎದುರಾಳಿ ಬಾಂಗ್ಲಾದೇಶ. ಭಾರತ ಹೊಡೆದದ್ದು 184. ಬಾಂಗ್ಲಾದೇಶ 7 ಓವರಿಗೆ ಒಂದೂ ವಿಕೆಟ್ ಕಳೆದುಕೊಳ್ಳದೆ 66 ತಲುಪಿದಾಗ ಮಳೆ ಸುರಿಯಿತು. ಮಳೆ ನಿಂತು ಆಟ ಮತ್ತೆ ಶುರುವಾದಾಗ ಗುರಿ 16 ಓವರಿಗೆ 151 ಆಗಿತ್ತು. ನೆಲ ಒದ್ದೆ. ಫೀಲ್ಡರುಗಳ ಬೂಟಿನ ತಳಕ್ಕೆ ಹುಲ್ಲು, ಮಣ್ಣು ಮೆತ್ತಿಕೊಂಡು ಕಾಲು ನಿಲ್ಲದ ಸ್ಥಿತಿ. ಆಗ ಬೌಂಡರಿ ಗೆರೆಯ ಹೊರಗೆ ಒಬ್ಬರು ಕೈಯಲ್ಲಿ ಬ್ರಷ್ ಹಿಡಿದು ಮೈದಾನದ ಸುತ್ತ ಓಡಾಡುತ್ತಿದ್ದರು. ಗೆರೆಯ ಹತ್ತಿರ ಬಂದ ಆಟಗಾರನ ಬೂಟು ಹಿಡಿದು, ತಳ ಉಜ್ಜಿ, ಮುಂದಿನವನ ಕಡೆ ಓಟ. ಭಾರತ 5 ರನ್ನಿನಿಂದ ಗೆದ್ದಿತು. ಕೆ.ಎಲ್. ರಾಹುಲ್ ದೂರದಿಂದ ನೇರ ವಿಕೆಟ್ಟಿಗೆ ಎಸೆದು ಲಿಟನ್ ದಾಸ್ ಅವರನ್ನು ರನೌಟ್ ಮಾಡಿದ್ದು ಮರುದಿನದ ಪತ್ರಿಕೆಗಳಲ್ಲಿ ಬಂತು. ಬ್ರಷ್ ಹಿಡಿದವರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಯಾರಿವರು ಎಂದು ದೇಶವೇ ಕೇಳಿತು.

ಅವರು ಕುಮಟಾದ ಡಿ. ರಾಘವೇಂದ್ರ. ತಂಡದವರ ಬಾಯಲ್ಲಿ ರಘು. ನಮ್ಮ ಶಿರಾಳಕೊಪ್ಪದಿಂದ ಹೊರಟು ಸೊರಬ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಸಿಗುವ ಊರಿನವರು. 2011ರಿಂದ ಭಾರತ ತಂಡದ ಜೊತೆಗಿದ್ದಾರೆ. ಧೋನಿ ನಾಯಕರಾಗಿದ್ದಾಗ ಇದ್ದರು, ಕೊಹ್ಲಿ ಕಾಲದಲ್ಲಿ ಇದ್ದರು, ರೋಹಿತ್ ಶರ್ಮಾ ಕಪ್ ಎತ್ತಿದಾಗಲೂ ಇದ್ದರು. ಅಷ್ಟು ವರ್ಷದಲ್ಲಿ ಭಾರತದ ಪರ ಒಂದು ರನ್ ಹೊಡೆದಿಲ್ಲ, ಒಂದು ವಿಕೆಟ್ ತೆಗೆದಿಲ್ಲ, ಸ್ಕೋರ್‌ಕಾರ್ಡಿನಲ್ಲಿ ಒಮ್ಮೆಯೂ ಕಾಣಿಸಿಕೊಂಡಿಲ್ಲ. ಬೂಟು ಉಜ್ಜುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಅಂದು ಅಗತ್ಯವಿತ್ತು, ಮಾಡಿದರು. ಅವರ ಕೆಲಸ ಚೆಂಡೆಸೆಯುವುದು. ಬೆಳಿಗ್ಗೆ ನೆಟ್ಸ್‌ಗೆ ಹೋಗಿ, ಬ್ಯಾಟರ್ ಎದುರು ನಿಂತು, ಅವರು ಕೇಳಿದ ಜಾಗಕ್ಕೆ, ಕೇಳಿದ ವೇಗದಲ್ಲಿ, ಸಾಕು ಅನ್ನುವವರೆಗೆ ಚೆಂಡು ಎಸೆಯುವುದು. ಕ್ರಿಕೆಟ್‌ನಲ್ಲಿ ಇದಕ್ಕೆ ಥ್ರೋಡೌನ್ ಅನ್ನುತ್ತಾರೆ, ಇದನ್ನೇ ವೃತ್ತಿಯಾಗಿ ಮಾಡುವವರನ್ನು ಥ್ರೋಡೌನ್ ಸ್ಪೆಷಲಿಸ್ಟ್ ಅನ್ನುತ್ತಾರೆ.

ಚೆಂಡೆಸೆಯುವುದೂ ಒಂದು ಕಸುಬೇ ಎಂದು ಕೇಳುವವರು ಒಮ್ಮೆ ಅವರ ಕೈಯಲ್ಲಿರುವ ಸಾಧನವನ್ನು ನೋಡಬೇಕು. ಸೈಡ್‌ಆರ್ಮ್ ಎಂಬ ಪ್ಲಾಸ್ಟಿಕ್ ಕೋಲು ಅದು; ಉದ್ದ ಹಿಡಿಯ ಸೌಟಿನಂತಿದ್ದು ತುದಿಯ ಬಟ್ಟಲಿನಲ್ಲಿ ಚೆಂಡು ಕೂರುತ್ತದೆ. ನಾಯಿಗೆ ಆಟಕ್ಕೆ ಚೆಂಡು ಎಸೆಯುವ ಕೋಲಿನಿಂದ ಬಂದ ಕಲ್ಪನೆ. ಅದನ್ನು ಹಿಡಿದರೆ ತೋಳು ಅಷ್ಟರಮಟ್ಟಿಗೆ ಉದ್ದವಾದಂತೆ. ಭುಜ ಅದೇ ವೇಗದಲ್ಲಿ ತಿರುಗಿದರೂ ಕೋಲಿನ ತುದಿ ಅಂಗೈಗಿಂತ ದೊಡ್ಡ ಸುತ್ತು ಹೊಡೆಯುವುದರಿಂದ ಚೆಂಡು ಇನ್ನೂ ಜೋರಾಗಿ ಹೊರಡುತ್ತದೆ. ಪಳಗಿದ ಕೈಯಲ್ಲಿ ಗಂಟೆಗೆ 145, 150 ಕಿ.ಮೀ. ವೇಗ. ಎಸೆಯುವವರು 22 ಗಜದ ಪಿಚ್ಚಿನ ಆ ತುದಿಯಲ್ಲಿ ನಿಲ್ಲದೆ ಎಷ್ಟೋ ಸಲ ಹತ್ತಿರ ಬಂದು ಎಸೆಯುತ್ತಾರೆ. ಹಾಗಾಗಿ ಬ್ಯಾಟರ್‌ಗೆ ಸಿಗುವ ಸಮಯ ಅರ್ಧ ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಚೆಂಡಿನ ಉದ್ದ ಅಳೆದು, ಕಾಲು ಮುಂದೋ ಹಿಂದೋ ಎಂದು ತೀರ್ಮಾನಿಸಿ, ಬ್ಯಾಟು ತರಬೇಕು.

ಇಂಥದೊಂದು ಹುದ್ದೆ ಬೇಕಾದದ್ದಕ್ಕೆ ಕಾರಣ ಸರಳ. ಈಗಿನ ವೇಗದ ಬೌಲರುಗಳು ಮೂರು ಬಗೆಯ ಕ್ರಿಕೆಟ್, ಮೇಲೆ ಐಪಿಎಲ್ ಆಡುತ್ತಾರೆ. ಬೆನ್ನು, ಮೊಣಕಾಲು, ಹಿಮ್ಮಡಿ ಉಳಿಯಬೇಕಾದರೆ ನೆಟ್ಸ್‌ನಲ್ಲಿ ಅವರು ಹಾಕುವ ಚೆಂಡುಗಳನ್ನು ಎಣಿಸಿ ನಿಲ್ಲಿಸಬೇಕಾಗುತ್ತದೆ. ಬ್ಯಾಟರುಗಳಿಗೋ ನೂರಾರು ಚೆಂಡು ಬೇಕು, ಅದೂ ಆಸ್ಟ್ರೇಲಿಯಾದಲ್ಲೋ ದಕ್ಷಿಣ ಆಫ್ರಿಕಾದಲ್ಲೋ ಎದುರಾಗಲಿರುವ ವೇಗದಲ್ಲಿ. ಬೌಲಿಂಗ್ ಯಂತ್ರ ವೇಗ ಕೊಡುತ್ತದೆ, ಆದರೆ ಅದಕ್ಕೆ ಕೈ ಇಲ್ಲ. ಬ್ಯಾಟರ್ ಬೌಲರನ ಭುಜ, ಮಣಿಕಟ್ಟು ನೋಡಿ ಚೆಂಡು ಎಲ್ಲಿಗೆ ಬರುತ್ತದೆ ಎಂದು ಊಹಿಸಲು ಕಲಿತವನು. ಯಂತ್ರದ ತೂತಿನಿಂದ ಹಾರಿಬರುವ ಚೆಂಡಿನಲ್ಲಿ ಆ ಓದು ಇಲ್ಲ. ಸೈಡ್‌ಆರ್ಮ್ ಹಿಡಿದ ಮನುಷ್ಯನಲ್ಲಿ ಇದೆ. ಜೊತೆಗೆ ಬಟ್ಟಲಿನಲ್ಲಿ ಚೆಂಡಿನ ಹೊಲಿಗೆಯನ್ನು ಯಾವ ಕಡೆ ತಿರುಗಿಸಿ ಇಡುತ್ತಾರೆ ಎನ್ನುವುದರ ಮೇಲೆ ಒಳಕ್ಕೋ ಹೊರಕ್ಕೋ ಸ್ವಿಂಗ್ ಮಾಡಿಸಬಹುದು. ಆಫ್ ಸ್ಟಂಪಿನ ಮೇಲೆ ಒಂದು, ಎದೆಮಟ್ಟಕ್ಕೆ ಒಂದು, ಕಾಲ್ಬೆರಳಿಗೆ ಯಾರ್ಕರ್ ಒಂದು ಎಂದರೆ ಹಾಗೇ ಬರಬೇಕು. ಕೈ ಒಂದು ಅಂಗುಲ ತಪ್ಪಿದರೆ ಚೆಂಡು ಹೋಗುವುದು ದೇಶದ ಅತ್ಯುತ್ತಮ ಬ್ಯಾಟರ್‌ನ ತಲೆಗೋ ಬೆರಳಿಗೋ. ಪಂದ್ಯದ ಹಿಂದಿನ ದಿನ ಬೆರಳು ಮುರಿದರೆ ಯಾರ ಹೆಸರು ಹೊರಗೆ ಬರುತ್ತದೆ ಎಂದು ಹೇಳಬೇಕಿಲ್ಲ.

ಈ ಕೆಲಸಕ್ಕೆ ಸಿಕ್ಕ ಬಹುದೊಡ್ಡ ಮನ್ನಣೆ ಬಂದದ್ದು ವಿರಾಟ್ ಕೊಹ್ಲಿಯವರಿಂದ. 2020ರ ಮೇ ತಿಂಗಳು, ಕೊರೊನಾ ಕಾಲ. ಬಾಂಗ್ಲಾದೇಶದ ತಮೀಮ್ ಇಕ್ಬಾಲ್ ಜೊತೆ ಫೇಸ್‌ಬುಕ್‌ನಲ್ಲಿ ಮಾತಿಗೆ ಕೂತ ಕೊಹ್ಲಿ, 2013ರಿಂದ ಈಚೆಗೆ ಭಾರತದ ಬ್ಯಾಟರುಗಳು ವೇಗದ ಬೌಲಿಂಗ್ ಎದುರಿಸುವುದರಲ್ಲಿ ಸುಧಾರಿಸಿದ್ದರೆ ಅದಕ್ಕೆ ರಘು ಕಾರಣ ಎಂದರು. ನೆಟ್ಸ್‌ನಲ್ಲಿ ರಘು ಅವರನ್ನು ಆಡಿ ಬಂದರೆ ಪಂದ್ಯದಲ್ಲಿ ಬೇಕಾದಷ್ಟು ಸಮಯ ಸಿಕ್ಕಂತೆ ಅನಿಸುತ್ತದೆ ಎಂದೂ ಹೇಳಿದರು. 2023ರ ಜನವರಿಯಲ್ಲಿ ತಿರುವನಂತಪುರದಲ್ಲಿ ಶ್ರೀಲಂಕಾ ವಿರುದ್ಧ 166 ಹೊಡೆದು ಅಜೇಯರಾಗಿ ಉಳಿದ ಮೇಲೆ ಮತ್ತೊಮ್ಮೆ ಕ್ಯಾಮೆರಾ ಮುಂದೆ ರಘು, ಅವರ ಜೊತೆಗಾರರಾದ ಶ್ರೀಲಂಕಾ ಮೂಲದ ನುವಾನ್ ಸೆನೆವಿರತ್ನೆ ಮತ್ತು ಪಶ್ಚಿಮ ಬಂಗಾಳದ ದಯಾನಂದ ಗರಾನಿ ಅವರನ್ನು ನಿಲ್ಲಿಸಿಕೊಂಡು, ಇವರ ಮುಖ ಹೆಸರು ನೆನಪಿಟ್ಟುಕೊಳ್ಳಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ನುವಾನ್ ಎಡಗೈಯವರು, ಎಡಗೈ ವೇಗಿಗಳ ಎದುರು ನಮ್ಮವರು ತಡಬಡಾಯಿಸುತ್ತಿದ್ದ ಕಾಲದಲ್ಲಿ ಅವರ ಎಸೆತದ ಬೆಲೆ ಇನ್ನೂ ಹೆಚ್ಚು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್ನಿನಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ 125 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಅದರಲ್ಲಿ ಈ ಮೂವರಿಗೂ ತಲಾ 2 ಕೋಟಿ ಪಾಲು ಎಂದು ಪತ್ರಿಕೆಗಳು ವರದಿ ಮಾಡಿದವು.

ಆ ಹಣ, ಆ ಮಾತು ಬರುವ ಮೊದಲಿನ ವರ್ಷಗಳ ಕಥೆ ಬೇರೆ. ಅದು 2024ರ ಗೆಲುವಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮತ್ತೆ ಮತ್ತೆ ಪ್ರಕಟವಾಯಿತು. ಮನೆಯಲ್ಲಿ ತಂದೆಗೆ ಮಗನ ಕ್ರಿಕೆಟ್ ಹುಚ್ಚು ಹಿಡಿಸದು. ಓದೋ, ಕ್ರಿಕೆಟ್ಟೋ ಎಂಬ ಪ್ರಶ್ನೆ ಬಂದ ದಿನ ಹುಡುಗ ಒಂದು ಚೀಲ ಹಿಡಿದು ಹುಬ್ಬಳ್ಳಿಗೆ ಹೊರಟ. ಜೇಬಿನಲ್ಲಿ 21 ರೂಪಾಯಿ. ಕೆಲವು ರಾತ್ರಿ ಬಸ್ ನಿಲ್ದಾಣ, ಅಲ್ಲಿಂದ ಎಬ್ಬಿಸಿದ ಮೇಲೆ ದೇವಸ್ಥಾನ, ಅದೂ ತಪ್ಪಿದ ಮೇಲೆ ಸ್ಮಶಾನದ ಪಾಳುಕಟ್ಟಡ. ಕ್ರಿಕೆಟ್ ಮ್ಯಾಟೇ ಹಾಸಿಗೆ, ಅದೇ ಹೊದಿಕೆ. ಹಾಗೆ ನಾಲ್ಕು ವರ್ಷಕ್ಕೂ ಮೇಲೆ. ಆಡುವ ಬಲಗೈ ಮುರಿದು ಆಟಗಾರನಾಗುವ ದಾರಿ ಮುಚ್ಚಿತು. ಮೈದಾನ ಬಿಡಲು ಮನಸ್ಸಿಲ್ಲದೆ ಬೇರೆಯವರಿಗೆ ಚೆಂಡೆಸೆಯುತ್ತಾ ನಿಂತರು. ಮುಂದೆ ಬೆಂಗಳೂರು, ಅಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಆಶ್ರಯ. ಕರ್ನಾಟಕದ ವಿಕೆಟ್ ಕೀಪರ್ ತಿಲಕ್ ನಾಯ್ಡು ಅವರ ಕಣ್ಣಿಗೆ ಬಿದ್ದು, ಅವರ ಮೂಲಕ ಜಾವಗಲ್ ಶ್ರೀನಾಥ್ ಅವರ ಪರಿಚಯವಾಗಿ, ರಣಜಿ ತಂಡದ ಅಭ್ಯಾಸಕ್ಕೆ ಬಂದರು. ಉಳಿದ ದಿನಗಳಲ್ಲಿ ಚಿನ್ನಸ್ವಾಮಿ ಮೈದಾನದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. ಸಂಬಳವಿಲ್ಲದ ವರ್ಷಗಳು ಅವು. ಅಕಾಡೆಮಿಗೆ ಬರುತ್ತಿದ್ದ ಭಾರತದ ಆಟಗಾರರು ಇವರ ಎಸೆತ ಕಂಡರು, ಸಚಿನ್ ತೆಂಡೂಲ್ಕರ್ ಮೆಚ್ಚಿದರು, ತಂಡದ ಬಾಗಿಲು ತೆರೆಯಿತು.

ಈ ಕಥೆಯನ್ನು ಓದಿದವರೆಲ್ಲ ಅವರ ಛಲವನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ. ನನಗೆ ಮಾತ್ರ ಈ ಕಥೆಯ ನಡುಭಾಗ ಓದುವಾಗ ಸಂಕಟವಾಗುತ್ತದೆ. ಕರಾವಳಿಯ ಒಬ್ಬ ಹುಡುಗನ ಕೈಯಲ್ಲಿ ದೇಶಕ್ಕೆ ಬೇಕಾದ ವಿದ್ಯೆ ಇತ್ತು. ಆ ವಿದ್ಯೆ ಕುಮಟಾದಿಂದ ಬೆಂಗಳೂರು ಮುಟ್ಟಲು ಸ್ಮಶಾನದಲ್ಲಿ ಮಲಗಬೇಕಾಯಿತು. ಒಬ್ಬರು ಹಾಗೆ ಮಲಗಿ ಗೆದ್ದು ಬಂದರು ಎಂದು ಸ್ಮಶಾನ ತರಬೇತಿ ಶಾಲೆಯಾಗುವುದಿಲ್ಲ. ಅದೇ ದಾರಿಯಲ್ಲಿ ಹೊರಟು ಹುಬ್ಬಳ್ಳಿಯ ಬಸ್ ನಿಲ್ದಾಣದಿಂದಲೇ ತಿರುಗಿ ಹೋದ ಹುಡುಗರನ್ನು ಯಾವ ಪತ್ರಿಕೆಯೂ ಬರೆದಿಲ್ಲ. ಕಷ್ಟದ ಕಥೆಗೆ ಕಣ್ಣೀರು ಹಾಕುವ ನಾವು, ಆ ಕಷ್ಟ ಯಾಕೆ ಬೇಕಿತ್ತು ಎಂದು ಕೇಳುವುದನ್ನು ಮರೆಯುತ್ತೇವೆ.

ಒಂದೇ ಒಂದು ಕೆಲಸವನ್ನು ಬದುಕಿಡೀ ಮಾಡುವ, ತಪ್ಪಿದಾಗ ಮಾತ್ರ ಹೆಸರಾಗುವ ಈ ಬಗೆಯ ಆಟಗಾರರನ್ನು ಹುಡುಕುತ್ತಾ ಹೋದರೆ ಅಮೆರಿಕ ಮುಟ್ಟುತ್ತೇವೆ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ರಕ್ಷಾಕವಚ ತೊಟ್ಟು, ಎರಡೂ ತುದಿ ಚೂಪಾದ ಚೆಂಡಿನ ಹಿಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ. ಅಲ್ಲಿ ಲಾಂಗ್ ಸ್ನ್ಯಾಪರ್ ಎಂಬ ಸ್ಥಾನವಿದೆ. ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವಾಗ, ಅಥವಾ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ ಮಾತ್ರ ಅವನು ಅಂಗಳಕ್ಕೆ ಇಳಿಯುತ್ತಾನೆ. ಚೆಂಡಿನ ಮೇಲೆ ಬಾಗಿ, ತಲೆ ಕೆಳಗೆ ಮಾಡಿ, ತನ್ನ ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಎಸೆಯಬೇಕು. ಅಂಕದ ಒದೆತಕ್ಕಾದರೆ ಏಳೆಂಟು ಗಜ ಹಿಂದೆ ಮಂಡಿಯೂರಿ ಕುಳಿತವನ ಕೈಗೆ, ದೂರದ ಒದೆತಕ್ಕಾದರೆ ಹದಿನಾಲ್ಕು–ಹದಿನೈದು ಗಜ ಹಿಂದೆ ನಿಂತವನ ಕೈಗೆ. ದೂರದ ಎಸೆತ ಮುಕ್ಕಾಲು ಸೆಕೆಂಡಿನೊಳಗೆ ತಲುಪಬೇಕು. ಚೆಂಡು ಎಷ್ಟು ಸುತ್ತು ತಿರುಗಿ ಕೈ ಸೇರಬೇಕು ಎಂಬುದನ್ನೂ ಅಳೆದುಕೊಂಡಿರುತ್ತಾರೆ. ಹಿಡಿದವನು ನೆಲಕ್ಕೆ ಊರುವಾಗ ಚೆಂಡಿನ ದಾರದ ಹೊಲಿಗೆ ಒದೆಯುವವನ ಕಾಲಿಗೆ ಸಿಗಬಾರದು. ಎಸೆದ ಮರುಕ್ಷಣ ನೂರು, ನೂರೈವತ್ತು ಕಿಲೋ ತೂಗುವ ಎದುರಾಳಿಗಳನ್ನು ತಡೆಯಬೇಕು. ಒಂದು ಪಂದ್ಯದಲ್ಲಿ ಇಂಥ ಸಂದರ್ಭ ಕೆಲವೇ ಸಲ. ಉಳಿದ ಹೊತ್ತು ಅಂಚಿನಲ್ಲಿ ಕಾಯುವುದು.

1970ರ ದಶಕದ ಆರಂಭದವರೆಗೂ ಇದು ಬೇರೆ ಸ್ಥಾನದ ಆಟಗಾರನಿಗೆ ಕೊಡುತ್ತಿದ್ದ ಹೆಚ್ಚುವರಿ ಕೆಲಸ. ವಾಷಿಂಗ್ಟನ್ ತಂಡದ ತರಬೇತುದಾರ ಜಾರ್ಜ್ ಅಲೆನ್ ಜಾರ್ಜ್ ಬರ್ಮನ್ ಎಂಬವರನ್ನು ಇದಕ್ಕೆಂದೇ ಬಳಸಿದರು. ಬರ್ಮನ್ ಆಮೇಲೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಯ ಡೀನ್ ಆದರು. ಇಂದು ಅಮೆರಿಕದ ರಾಷ್ಟ್ರೀಯ ಲೀಗ್‌ನಲ್ಲಿ 53 ಜನರ ತಂಡದಲ್ಲಿ ಒಂದು ಜಾಗ ಈ ಕೆಲಸಕ್ಕೇ ಮೀಸಲು. ದೇಹ ಬೇಗ ಸವೆಯದ ಕೆಲಸವಾದ್ದರಿಂದ ವೃತ್ತಿಯೂ ಉದ್ದ. ಶಿಕಾಗೊ ತಂಡದ ಪ್ಯಾಟ್ರಿಕ್ ಮ್ಯಾನೆಲಿ 1998ರಿಂದ 2013ರವರೆಗೆ 16 ವರ್ಷ, 245 ಪಂದ್ಯ ಆಡಿದರು; ಅದು ಆ ಹಳೆಯ ತಂಡದ ದಾಖಲೆ. ಕಾಲೇಜು ಮಟ್ಟದ ಅತ್ಯುತ್ತಮ ಲಾಂಗ್ ಸ್ನ್ಯಾಪರ್‌ಗೆ 2019ರಿಂದ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ.

ಇದೇ ಸ್ಥಾನದ ಟ್ರೇ ಜಂಕಿನ್ ಅವರ ಪಾಡನ್ನು ನೋಡಿ. 19 ಋತು ಆಡಿ ನಿವೃತ್ತರಾಗಿದ್ದವರು. 2003ರ ಜನವರಿಯ ಪ್ಲೇಆಫ್ ಪಂದ್ಯಕ್ಕೆಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಅವರನ್ನು ಮನೆಯಿಂದ ಕರೆಸಿಕೊಂಡಿತು. ವಯಸ್ಸು 41. ಜನವರಿ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೈಂಟ್ಸ್ 38–14ರ ಮುನ್ನಡೆ ಪಡೆದು, ಅದನ್ನೆಲ್ಲ ಕಳೆದುಕೊಂಡು 39–38ಕ್ಕೆ ಹಿಂದೆ ಬಿದ್ದಿತ್ತು. ಕೊನೆಯ ಸೆಕೆಂಡುಗಳಲ್ಲಿ ಒಂದು ಒದೆತ ಸಾಕಿತ್ತು. ಜಂಕಿನ್ ಎಸೆತ ತಪ್ಪಿತು, ಹಿಡಿಯುವವರಿಗೆ ಚೆಂಡು ಸರಿಯಾಗಿ ಸಿಗಲಿಲ್ಲ, ಒದೆಯಲಾಗಲಿಲ್ಲ. ಆ ಗಳಿಗೆಯಲ್ಲಿ ರೆಫರಿಗಳೂ ತಪ್ಪು ತೀರ್ಪು ಕೊಟ್ಟಿದ್ದರು, ಜೈಂಟ್ಸ್‌ಗೆ ಇನ್ನೊಂದು ಅವಕಾಶ ಸಿಗಬೇಕಿತ್ತು ಎಂದು ಮರುದಿನ ಲೀಗ್ ಒಪ್ಪಿಕೊಂಡಿತು. ಅದರಿಂದ ಏನೂ ಬದಲಾಗಲಿಲ್ಲ. ಆಟಗಾರರ ಕೋಣೆಯಲ್ಲಿ ಜಂಕಿನ್ ಪತ್ರಕರ್ತರ ಎದುರು ನಿಂತು ತಪ್ಪು ತನ್ನದೇ ಎಂದರು. 24 ಅಂಕಗಳ ಮುನ್ನಡೆ ಕಳೆದವರು ಬೇರೆಯವರು. ಆದರೂ ಇವತ್ತಿಗೂ ಆ ಸೋಲಿಗೆ ಅಂಟಿಕೊಂಡ ಹೆಸರು ಜಂಕಿನ್ ಅವರದು. 19 ಋತುಗಳ ಸರಿಯಾದ ಎಸೆತಗಳು ಆ ಒಂದರ ಮುಂದೆ ಯಾರಿಗೂ ನೆನಪಿಲ್ಲ.

ಮರು ಋತುವಿನಲ್ಲಿ ಬ್ರಯಾನ್ ಕಿಂಚೆನ್ ಸರದಿ. ಆಟ ಬಿಟ್ಟು ಲೂಸಿಯಾನಾದ ಶಾಲೆಯೊಂದರಲ್ಲಿ ಏಳನೆಯ ತರಗತಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದ 38ರ ಮೇಷ್ಟ್ರು. 2003ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ತಂಡದ ಸ್ನ್ಯಾಪರ್ ಗಾಯಗೊಂಡಾಗ ಇವರಿಗೆ ಕರೆ ಬಂತು. ಹೋದರು. ಅಭ್ಯಾಸದಲ್ಲಿ ಎಸೆತಗಳು ತಪ್ಪತೊಡಗಿ, ಧೈರ್ಯ ಕುಸಿದು, ನನ್ನನ್ನು ಬಿಟ್ಟುಬಿಡಿ ಎಂದು ತಂಡದವರಿಗೇ ಹೇಳಿದರು. ಅವರು ಬಿಡಲಿಲ್ಲ. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ದಿನ ಊಟದ ಹೊತ್ತಿಗೆ ಚಾಕುವಿನಿಂದ ಬೆರಳು ಬೇರೆ ಕೊಯ್ದುಕೊಂಡರು. 2004ರ ಫೆಬ್ರವರಿ 1ರಂದು ಹ್ಯೂಸ್ಟನ್‌ನಲ್ಲಿ ಅಂಕ 29–29 ಇದ್ದಾಗ, ಕೊನೆಯ ಸೆಕೆಂಡುಗಳಲ್ಲಿ, ಅದೇ ಬೆರಳಿನಿಂದ ಎಸೆದ ಚೆಂಡು ನೇರ ಹೋಯಿತು. ಆಡಮ್ ವಿನಾಟಿಯೆರಿ 41 ಗಜದಿಂದ ಒದ್ದರು. ನ್ಯೂ ಇಂಗ್ಲೆಂಡ್ 32–29ರಿಂದ ಗೆದ್ದಿತು. ಆ ಒದೆತದ ಚಿತ್ರ ಅಮೆರಿಕದ ಮನೆಮನೆಯಲ್ಲಿ ಗೊತ್ತು. ಎಸೆದವರು ಮೇಷ್ಟ್ರು ಎಂದು ಗೊತ್ತಿರುವವರು ಕಡಿಮೆ.

ಜಾನ್ ಡೊರೆನ್‌ಬೋಸ್ ಅವರ ಬದುಕನ್ನು ಕೇಳಿದರೆ ಈ ಸ್ಥಾನಕ್ಕೆ ಎಂಥ ಮನಸ್ಸು ಬೇಕು ಎಂದು ತಿಳಿಯುತ್ತದೆ. 1992ರಲ್ಲಿ, ಅವರಿಗೆ 12 ವರ್ಷವಾಗಿದ್ದಾಗ, ತಂದೆಯೇ ತಾಯಿಯನ್ನು ಕೊಂದರು. ಆ ದುಃಖದಲ್ಲಿ ಹುಡುಗ ಇಸ್ಪೀಟೆಲೆಗಳ ಜಾದೂ ಹಿಡಿದುಕೊಂಡ. ಗಂಟೆಗಟ್ಟಲೆ ಒಂದೇ ಕೈಚಳಕವನ್ನು ತಿದ್ದುತ್ತಾ ಕೂರುವುದನ್ನು ಅದು ಕಲಿಸಿತು. ಮುಂದೆ ಫಿಲಡೆಲ್ಫಿಯಾ ಈಗಲ್ಸ್ ಪರ ಸತತ 162 ಪಂದ್ಯಗಳಲ್ಲಿ ಸ್ನ್ಯಾಪರ್. 2016ರಲ್ಲಿ ದೊಡ್ಡ ಟಿವಿ ಸ್ಪರ್ಧೆಯಲ್ಲಿ ಜಾದೂಗಾರನಾಗಿ ಮೂರನೆಯ ಸ್ಥಾನ. 2017ರಲ್ಲಿ ಈಗಲ್ಸ್ ಅವರನ್ನು ನ್ಯೂ ಆರ್ಲಿಯನ್ಸ್ ತಂಡಕ್ಕೆ ಕೊಟ್ಟಿತು. ಅಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಹೃದಯದ ಮಹಾಧಮನಿ ಅಪಾಯಕಾರಿಯಾಗಿ ಉಬ್ಬಿರುವುದು ಪತ್ತೆಯಾಯಿತು. ತಂಡ ಬದಲಾಗದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲವೇನೋ. ಶಸ್ತ್ರಚಿಕಿತ್ಸೆ ಆಯಿತು, ಆಟ ಮುಗಿಯಿತು, ಜೀವ ಉಳಿಯಿತು. ಆ ಋತುವಿನಲ್ಲೇ ಈಗಲ್ಸ್ ಮೊದಲ ಸಲ ಸೂಪರ್ ಬೌಲ್ ಗೆದ್ದಿತು. ಆಗ ತಂಡದಲ್ಲಿಲ್ಲದ ಡೊರೆನ್‌ಬೋಸ್‌ಗೂ ಮಾಲೀಕರು ಚಾಂಪಿಯನ್ ಉಂಗುರ ಕೊಟ್ಟರು. ಹತ್ತು ವರ್ಷಕ್ಕೂ ಮೇಲೆ ಕಾಲುಗಳ ನಡುವಿನಿಂದ ಚೆಂಡು ಎಸೆದವನಿಗೆ ಆ ಉಂಗುರದಲ್ಲಿ ಪಾಲಿದೆ ಎಂದು ಒಂದು ಸಂಸ್ಥೆ ಒಪ್ಪಿಕೊಂಡಿತಲ್ಲ, ಅದು ದೊಡ್ಡ ಮಾತು.

ನಮ್ಮ ಕರ್ನಾಟಕದ ಆಟಗಳಲ್ಲೂ ಇದೇ ಜೋಡಣೆ ಇದೆ. ಹಾಕಿಯ ಪೆನಾಲ್ಟಿ ಕಾರ್ನರ್ ತೆಗೆದುಕೊಳ್ಳಿ. ಗೋಲುಕಂಬದಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಹಿಂಗೆರೆಯ ಮೇಲೆ ಒಬ್ಬರು ಚೆಂಡಿನ ಹತ್ತಿರ ಬಾಗಿ ನಿಂತು ಅದನ್ನು ವೃತ್ತದ ಹೊರಕ್ಕೆ ತಳ್ಳುತ್ತಾರೆ, ಇನ್ನೊಬ್ಬರು ನಿಲ್ಲಿಸುತ್ತಾರೆ, ಮೂರನೆಯವರು ಡ್ರ್ಯಾಗ್ ಫ್ಲಿಕ್ ಮಾಡಿ ಗೋಲಿಗೆ ಕಳಿಸುತ್ತಾರೆ. ತಳ್ಳಿದ್ದು ನಿಧಾನವಾದರೆ ಎದುರಾಳಿ ಓಡಿಬಂದು ಮೈಮೇಲೆ ಬೀಳುತ್ತಾನೆ. ನಿಲ್ಲಿಸುವ ಕೋಲು ಅಲುಗಿದರೆ ಚೆಂಡು ಪುಟಿಯುತ್ತದೆ. ಕೊಡಗಿನ ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಅವರ ಫ್ಲಿಕ್‌ಗಳನ್ನು ನಾವು ನೆನೆಯುತ್ತೇವೆ. ಆ ಚೆಂಡನ್ನು ತಳ್ಳಿದ, ನಿಲ್ಲಿಸಿದ ಕೈಗಳು ಯಾರವು ಎಂದು ಹಾಕಿಯ ನಾಡಾದ ಕೊಡಗಿನಲ್ಲೇ ಎಷ್ಟು ಜನ ಥಟ್ಟನೆ ಹೇಳಿಯಾರು? ಕ್ರಿಕೆಟ್ಟಿನಲ್ಲೂ ಹಾಗೇ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ದಂತಕಥೆ. ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ನಿನ ಜೊತೆಯಾಟದಲ್ಲಿ ಇನ್ನೊಂದು ತುದಿ ಕಾದವರು ನಮ್ಮ ಸೈಯದ್ ಕಿರ್ಮಾನಿ, ಅವರದು 24. ಆ 24 ಇಲ್ಲದಿದ್ದರೆ ಆ 175 ಎಲ್ಲಿರುತ್ತಿತ್ತು?

ಈಗ ನಮ್ಮ ಊರಿನ ಕಡೆ ಬರುತ್ತೇನೆ. ದೀಪಾವಳಿ ಮುಗಿದ ಮೇಲೆ ಶಿಕಾರಿಪುರ, ಸೊರಬ, ಪಕ್ಕದ ಹಿರೇಕೆರೂರು, ಹಾನಗಲ್ ಸೀಮೆಯಲ್ಲೆಲ್ಲ ಹೋರಿ ಹಬ್ಬದ ಅಬ್ಬರ. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಜನರ ನಡುವಿನ ಹಾದಿಯಲ್ಲಿ ನುಗ್ಗುತ್ತದೆ, ಹುಡುಗರು ಬೆನ್ನಟ್ಟಿ ಕೊಬ್ಬರಿ ಹರಿಯುತ್ತಾರೆ, ಹರಿಯಲು ಬಿಡದೆ ದಾಟಿದ ಹೋರಿಗೆ ಗೆಲುವು. ಇದರಲ್ಲಿ ಜೀವ ಹೋದ ವರ್ಷಗಳೂ ಇವೆ. ಹಾಗಾಗಿ ಕಟ್ಟುನಿಟ್ಟಿನ ವ್ಯವಸ್ಥೆಯಿಲ್ಲದೆ ಇದನ್ನು ನಡೆಸಲೇಬಾರದು. ಮೈಕಿನಲ್ಲಿ ಹೋರಿಯ ಹೆಸರು ಮೊಳಗುತ್ತದೆ. ಗೆದ್ದ ಹೋರಿಗೆ ಅಭಿಮಾನಿ ಬಳಗ, ಬ್ಯಾನರು, ಸತ್ತರೆ ಮೆರವಣಿಗೆ. ವರ್ಷಪೂರ್ತಿ ಅದಕ್ಕೆ ಮೇವು, ಹಿಂಡಿ ಹಾಕಿ, ಕೆರೆಯಲ್ಲಿ ಈಜಿಸಿ, ಅಂದು ಅಖಾಡದ ಬಾಯಲ್ಲಿ ಹಗ್ಗ ಹಿಡಿದು ಸರಿಯಾದ ಗಳಿಗೆಗೆ ಬಿಡುವವನೊಬ್ಬ ಇರುತ್ತಾನೆ. ತಡವಾದರೆ ಹೋರಿ ಬೆದರಿ ಅಡ್ಡ ತಿರುಗುತ್ತದೆ, ಬೇಗ ಬಿಟ್ಟರೆ ದಾರಿ ತೆರವಾಗಿರುವುದಿಲ್ಲ. ಅವನ ಹೆಸರನ್ನು ಮೈಕಿನಲ್ಲಿ ನಾನು ಕೇಳಿಲ್ಲ.

ಚಳಿಗಾಲ ಬಂತೆಂದರೆ ಸುತ್ತಮುತ್ತ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು. ಕೊಯ್ಲಾದ ಗದ್ದೆ, ಶಾಲೆ ಮೈದಾನ, ಹೊನಲು ಬೆಳಕು, ದೊಡ್ಡ ಟ್ರೋಫಿ. ಬಹುಮಾನದ ಪಟ್ಟಿಯಲ್ಲಿ ಸರಣಿ ಶ್ರೇಷ್ಠ, ಉತ್ತಮ ಬ್ಯಾಟ್ಸ್‌ಮನ್, ಉತ್ತಮ ಬೌಲರ್. ಈ ಮೂರನ್ನು ದಾಟಿ ಪಟ್ಟಿ ಹೋಗುವುದಿಲ್ಲ. ಕಬಡ್ಡಿ ಟೂರ್ನಿಯವರು ಇದಕ್ಕಿಂತ ಉದಾರಿಗಳು. ಉತ್ತಮ ದಾಳಿಗಾರನ ಜೊತೆ ಉತ್ತಮ ಹಿಡಿತಗಾರನನ್ನೂ ವೇದಿಕೆಗೆ ಕರೆಯುತ್ತಾರೆ. ವಾಲಿಬಾಲ್‌ನಲ್ಲಿ ಹೊಡೆಯುವವನ ಜೊತೆ ಚೆಂಡು ಎತ್ತಿಕೊಡುವವನಿಗೂ ಬಹುಮಾನವುಂಟು. ಅಂದರೆ ಕಾಣದ ಕೈಯನ್ನು ಗುರುತಿಸುವ ರೂಢಿ ನಮ್ಮ ಹಳ್ಳಿಯ ಆಟಗಳಲ್ಲಿ ಮೊದಲಿಂದ ಇದೆ. ಹಣ, ಜನ, ಮೈಕು ಎಲ್ಲಕ್ಕಿಂತ ಹೆಚ್ಚಿರುವ ಕ್ರಿಕೆಟ್ ಅದನ್ನು ಕಲಿತಿಲ್ಲ.

ಇದರಲ್ಲಿ ಗೌರವದ ಜೊತೆಗೆ ಅನ್ನದ ಪ್ರಶ್ನೆಯೂ ಇದೆ. ಶಿರಾಳಕೊಪ್ಪದಿಂದ ಶಿವಮೊಗ್ಗ ಸುಮಾರು 70 ಕಿ.ಮೀ. ಅಲ್ಲಿ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ಲೆದರ್ ಬಾಲ್, ನೆಟ್ಸ್, ತರಬೇತುದಾರ ಬೇಕಾದ ನಮ್ಮ ಹುಡುಗನಿಗೆ ಹತ್ತಿರದ ಬಾಗಿಲು ಅದು. ಆ ಬಾಗಿಲಿಗೆ ಹೋದವರಲ್ಲಿ ರಾಜ್ಯ ತಂಡ ಸೇರುವವರು ಬೆರಳೆಣಿಕೆ. ಉಳಿದವರಿಗೆ ನಾವು ಹೇಳುವುದು ಒಂದೇ ಮಾತು: ಆಟ ಸಾಕು, ಅಂಗಡಿ ನೋಡಿಕೊ, ತೋಟ ನೋಡಿಕೊ. ಆದರೆ ಆಟದ ಸುತ್ತ ಈಗ ಎಷ್ಟೋ ಕಸುಬು ಹುಟ್ಟಿವೆ. ಐಪಿಎಲ್ ತಂಡಗಳು, ರಾಜ್ಯ ತಂಡಗಳು, ನಗರದ ಅಕಾಡೆಮಿಗಳು ಸೈಡ್‌ಆರ್ಮ್ ಎಸೆಯುವವರನ್ನು ಇಟ್ಟುಕೊಳ್ಳುತ್ತಿವೆ. ಪಿಚ್ ಸಿದ್ಧಪಡಿಸುವವರು, ಸ್ಕೋರರ್, ಅಂಪೈರ್, ಫಿಸಿಯೊ, ವಿಡಿಯೊ ವಿಶ್ಲೇಷಕರು ಬೇಕು. ಕೆಲವಕ್ಕೆ ಪರೀಕ್ಷೆ ಇದೆ, ಕೋರ್ಸ್ ಇದೆ. ಇವು ಸಾವಿರಾರು ಹುದ್ದೆಗಳೆಂದು ನಾನು ಆಸೆ ಹುಟ್ಟಿಸುವುದಿಲ್ಲ, ಹುದ್ದೆಗಳು ಕಡಿಮೆಯೇ. ಆದರೆ ಅವು ಇವೆ ಎಂದಾದರೂ ಹದಿನಾರರ ಹುಡುಗನಿಗೆ, ಹುಡುಗಿಗೆ ಯಾರಾದರೂ ಹೇಳಬೇಕು. ರಾಘವೇಂದ್ರ ಅವರಿಗೆ ಕೈ ಮುರಿದ ದಿನ ಅದನ್ನು ಹೇಳುವವರು ಇರಲಿಲ್ಲ. ಚೆಂಡೆಸೆಯುತ್ತಾ ನಿಂತು ಆ ಕಸುಬನ್ನು ಅವರೇ ಕಂಡುಕೊಂಡರು. ಒಂದು ಸೈಡ್‌ಆರ್ಮ್ ಕೋಲಿನ ಬೆಲೆ ಒಳ್ಳೆಯ ಬ್ಯಾಟಿನ ಬೆಲೆಗಿಂತ ಎಷ್ಟೋ ಕಡಿಮೆ. ತಾಲ್ಲೂಕಿನ ಪ್ರತಿ ಹೈಸ್ಕೂಲಿಗೆ, ಕಾಲೇಜಿಗೆ ಒಂದೊಂದು ಕೊಡುವುದು ಯಾವ ಪಂಚಾಯಿತಿಗೂ, ಯಾವ ಹಳೆಯ ವಿದ್ಯಾರ್ಥಿ ಸಂಘಕ್ಕೂ ಭಾರವಲ್ಲ. ಭುಜಕ್ಕೆ ಪೆಟ್ಟಾಗದಂತೆ ಅದನ್ನು ಬಳಸುವುದು ಹೇಗೆಂದು ದೈಹಿಕ ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟರೆ ಶುರು ಮಾಡಲು ಸಾಕು.

ಶಿರಾಳಕೊಪ್ಪ, ಶಿಕಾರಿಪುರ, ಆನವಟ್ಟಿ, ಸೊರಬದ ಟೂರ್ನಿ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಈ ಸಲದ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಬಹುಮಾನದ ಪಟ್ಟಿಗೆ ಒಂದು ಸಾಲು ಸೇರಿಸಿ. ತಂಡಕ್ಕೆ ಅಭ್ಯಾಸ ಕೊಟ್ಟವನಿಗೆ, ಪಿಚ್ಚಿಗೆ ನೀರು ಹಾಕಿ ರೋಲರ್ ಎಳೆದವನಿಗೆ, ಹೋರಿಯ ಹಗ್ಗ ಹಿಡಿದವನಿಗೆ ಒಂದು ಬಹುಮಾನ ಇಡಿ. ಮೊತ್ತ ಚಿಕ್ಕದಿದ್ದರೂ ಸರಿ, ಮೈಕಿನಲ್ಲಿ ಅವರ ಹೆಸರನ್ನು, ಊರಿನ ಹೆಸರಿನ ಸಮೇತ, ಗಟ್ಟಿಯಾಗಿ ಕೂಗಿ.